ಇಪ್ಪತ್ತೇಳನೇ ತಳಿ

ಜೂನ್ 4

ಅಕ್ಕಾ,

ನೀನು ಹೋಗಿ ಇಪ್ಪತ್ತು ದಿನ ಆಯಿತು. ಫೋನು ಬೇಡ, ಕಾಗದ ಬರೆಯೋಣ ಅಂದವಳು ನೀನೇ. ಅದೂ ಸರಿಯೇ. ಫೋನು ಹಿಡಿದರೆ ಎರಡನೇ ನಿಮಿಷಕ್ಕೆ ನಮ್ಮಿಬ್ಬರಿಗೂ ಜಗಳ, ಮೂರನೇ ನಿಮಿಷಕ್ಕೆ ಅಮ್ಮ ಕಿತ್ತುಕೊಂಡು "ಊಟ ಆಯ್ತಾ, ತಲೆಗೆ ಎಣ್ಣೆ ಹಾಕ್ತಿದೀಯಾ" ಎಂದು ಶುರು. ಶಾಲೆ ಬಿಟ್ಟ ಮೇಲೆ ಒಂದು ಪುಟಕ್ಕಿಂತ ಹೆಚ್ಚು ಬರೆಯುತ್ತಿರುವುದು ಇದೇ ಮೊದಲು. ತಪ್ಪು ಹುಡುಕಿ ಕೆಂಪು ಶಾಯಿ ಹಾಕಿ ವಾಪಸ್ ಕಳಿಸಬೇಡ.

ಬ್ಯಾಕ್ಟೀರಿಯಾಗಳ ಊಟ ಕುದಿಸುವ ನಮ್ಮ ಮೀಡಿಯ ರೂಮಿನಲ್ಲಿ ಎಲ್ಲ ಹಾಗೇ ಇದೆ. ನೆಲ ಒದ್ದೆ, ಕಿಟಕಿ ಗಾಜಿಗೆ ಹಬೆ, ನನ್ನ ಎರಡೂ ಮೊಣಕೈಯಲ್ಲಿ ಹೊಸ ಸುಟ್ಟ ಗಾಯ. ಹಬೆ ಮಾಮ ನಿನ್ನನ್ನು ದಿನಕ್ಕೊಮ್ಮೆ ನೆನೆಸಿಕೊಳ್ಳುತ್ತಾರೆ. "ನಿಮ್ಮಕ್ಕ ಹೋದ ಮೇಲೆ ಮಹಡಿಯೆಲ್ಲ ಬಿಕೋ ಅನ್ನುತ್ತೆ ಕಣಮ್ಮ. ಬೈಯೋರೇ ಇಲ್ಲ." ಮೂವತ್ತು ವರ್ಷ ಆಟೋಕ್ಲೇವಿನ ಹಬೆಯ ಪಕ್ಕ ನಿಂತು ಸೀಸೆ ಬೇಯಿಸಿದ ಮನುಷ್ಯನಿಗೆ ಯಾರಾದರೂ ಬೈದರೇ ಕೆಲಸ ಮಾಡಿದ ಹಾಗೆ ಅನಿಸುವುದಂತೆ. ನಾನು ಬೈಯಲಾ ಅಂದೆ. ನಿನಗೆ ಇನ್ನೂ ಅಷ್ಟು ಸರ್ವೀಸ್ ಆಗಿಲ್ಲ ಅಂದರು.

ಲ್ಯಾಬಿನ ಮೇಷ್ಟ್ರು ಜನವರಿಯಲ್ಲಿ ಮೆಟ್ಟಿಲ ಹತ್ತಿರದ ಬೋರ್ಡಿನಲ್ಲಿ ಹಾಕಿಸಿದ ನಿನ್ನ ಇಪ್ಪತ್ತೇಳನೇ ತಳಿಯ ಗ್ರಾಫನ್ನು ಇನ್ನೂ ತೆಗೆಸಿಲ್ಲ. ಬಂದವರನ್ನೆಲ್ಲ ಅಲ್ಲಿ ನಿಲ್ಲಿಸಿ "ನಮ್ಮ ಹುಡುಗಿಯದು" ಅನ್ನುತ್ತಾರೆ. ಅಮ್ಮನಂತೂ ಆವಾಗಲೇ ಬೀದಿಗೆಲ್ಲ ಹೇಳಿ ಮುಗಿಸಿದ್ದಾಳೆ. ಮೊನ್ನೆ ಎದುರು ಮನೆಯವರು "ನಿಮ್ಮಕ್ಕ ಏನು ಕಂಡುಹಿಡಿದಿದ್ದು?" ಎಂದು ನನ್ನನ್ನೇ ಕೇಳಿದರು. "ನನಗೆ ಗೊತ್ತಿಲ್ಲ" ಅಂದೆ. ಒಳಗೆ ಬಂದ ಮೇಲೆ ಅಮ್ಮ ಸಿಡುಕಿದಳು.

"ಏನೋ ಒಂದು ಹೇಳಿ ಕಳಿಸಬಾರದಿತ್ತಾ?"

"ಗೊತ್ತಿಲ್ಲದ್ದನ್ನ ಏನಂತ ಹೇಳಲಿ?"

"ಅಕ್ಕನ ಬಗ್ಗೆ ನಾಲ್ಕು ಒಳ್ಳೆ ಮಾತು ಆಡೋಕೆ ನಿನಗೆ ಪುಸ್ತಕ ಬೇಕಾ?"

ಆದ್ದರಿಂದ ನೀನೇ ಹೇಳು. ಒಂದೂವರೆ ವರ್ಷದಿಂದ ಈ ಬ್ಯಾಕ್ಟೀರಿಯಾಗಳಿಗೆ ಅಡುಗೆ ಮಾಡಿ ಹಾಕುತ್ತಿದ್ದೇನೆ. ಅವು ಹೇಗೆ ಉಣ್ಣುತ್ತವೆ ಅಂತ ನನಗೇ ಗೊತ್ತಿಲ್ಲ. ಮೇಷ್ಟ್ರನ್ನು ಕೇಳಿದರೆ ಇಂಗ್ಲಿಷಿನಲ್ಲಿ ಶುರುಮಾಡುತ್ತಾರೆ. ನನಗೆ ತಿಳಿಯುವ ಹಾಗೆ ಹೇಳು, ಆದರೆ ಮಕ್ಕಳಿಗೆ ಹೇಳುವ ಹಾಗೆ ಬೇಡ.

ಬುಗುರಿ


ಜೂನ್ 21

ಪ್ರೀತಿಯ ಬುಗುರಿ,

ನಿನ್ನ ಕಾಗದ ಓದಿ ಇಲ್ಲಿ ಒಬ್ಬಳೇ ಕೂತು ನಕ್ಕೆ. ತಪ್ಪು ಹನ್ನೊಂದು ಇದ್ದವು. ಎಣಿಸಿದೆ, ತಿದ್ದಲಿಲ್ಲ.

ಹೇಳುತ್ತೇನೆ ಕೇಳು. ನೀನು ಸೀಸೆಗೆ ಎರಡು ಸಕ್ಕರೆ ಹಾಕುತ್ತೀಯಲ್ಲ, ಗ್ಲೂಕೋಸ್ ಸ್ವಲ್ಪ, ಹಾಲಿನ ಸಕ್ಕರೆ ಜಾಸ್ತಿ. ಬ್ಯಾಕ್ಟೀರಿಯಾ ಎರಡನ್ನೂ ಒಟ್ಟಿಗೆ ತಿನ್ನುವುದಿಲ್ಲ. ಗ್ಲೂಕೋಸ್ ಸುಲಭ, ಹಾಗೇ ನುಂಗಬಹುದು. ಹಾಲಿನ ಸಕ್ಕರೆ ಎಂದರೆ ಎರಡು ಸಕ್ಕರೆ ಅಂಟಿಕೊಂಡಿರುವುದು. ಅದನ್ನು ಒಳಗೆ ಬಿಟ್ಟುಕೊಳ್ಳಲು ಒಂದು ಬಾಗಿಲು ಬೇಕು, ಕತ್ತರಿಸಲು ಒಂದು ಕತ್ತರಿ ಬೇಕು. ಬಾಗಿಲನ್ನೂ ಕತ್ತರಿಯನ್ನೂ ಮಾಡುವ ವಿವರ ಅದರ ಜೀನಿನಲ್ಲಿ ಅಕ್ಕಪಕ್ಕ ಬರೆದಿದೆ. ಆದರೆ ಬೇಡದ ಹೊತ್ತಿನಲ್ಲಿ ಮಾಡಿಟ್ಟುಕೊಳ್ಳುವುದು ದಂಡ. ಅದಕ್ಕೆ ಆ ಬರಹದ ಮೊದಲಲ್ಲೇ ಒಂದು ಕಾವಲಿನ ಪ್ರೋಟೀನು ಕೂತಿರುತ್ತದೆ, ಯಾರೂ ಓದದ ಹಾಗೆ. ಹಾಲಿನ ಸಕ್ಕರೆ ಬಂತು ಅಂದುಕೋ. ಅದರ ಒಂದು ಚೂರು ಸ್ವಲ್ಪ ರೂಪ ಬದಲಿಸಿ ಹೋಗಿ ಆ ಕಾವಲಿಗೆ ಅಂಟಿಕೊಳ್ಳುತ್ತದೆ. ಕಾವಲಿನ ಆಕಾರ ಸೊಟ್ಟಗಾಗುತ್ತದೆ, ಹಿಡಿತ ಬಿಡುತ್ತದೆ. ಜೀನು ತೆರೆಯಿತು.

ಇಷ್ಟೇ ಆದರೆ ಸಾಲದು. ಗ್ಲೂಕೋಸ್ ಇರುವವರೆಗೂ ಹಾಲಿನ ಸಕ್ಕರೆಗೆ ಒಳಗೆ ಬರಲು ದಾರಿ ಬಿಡುವುದಿಲ್ಲ. ಗ್ಲೂಕೋಸ್ ಖಾಲಿಯಾದಾಗ ಮಾತ್ರ ಹಸಿವಿನ ಒಂದು ಸಂಕೇತ ಏಳುತ್ತದೆ, ಅದು ಬಂದ ಮೇಲೆಯೇ ಓದು ಜೋರಾಗಿ ನಡೆಯುವುದು. ಗ್ಲೂಕೋಸ್ ಮುಗಿದು ಕತ್ತರಿ ತಯಾರಾಗುವವರೆಗೆ ಬೆಳವಣಿಗೆ ನಿಲ್ಲುತ್ತದೆ. ಗ್ರಾಫಿನಲ್ಲಿ ಏರುತ್ತಿದ್ದ ಗೆರೆ ಅರ್ಧ ಮುಕ್ಕಾಲು ಗಂಟೆ ಚಪ್ಪಟೆ ಮಲಗಿ, ಆಮೇಲೆ ಮತ್ತೆ ಏರುತ್ತದೆ. ಎಲ್ಲ ಸಾದಾ ತಳಿಗಳೂ ಹೀಗೇ.

ನಾನು ಸಾವಿರಾರು ಬ್ಯಾಕ್ಟೀರಿಯಾಗಳಿಗೆ ನೇರಳಾತೀತ ಬೆಳಕು ಹೊಡೆದು, ಜೀನು ಕೆಟ್ಟವುಗಳಲ್ಲಿ ಆರಿಸಿದ್ದು ಇಪ್ಪತ್ತೇಳನೆಯದು. ಅದು ನಿಲ್ಲುವುದಿಲ್ಲ ಕಣೇ. ಗೆರೆ ಒಂದೇ ಸಮ ಏರುತ್ತದೆ. ಜೀನು ತೆರೆದು ಮುಚ್ಚುವ ಆ ಸ್ವಿಚ್ಚಿನ ಯಾವುದೋ ಭಾಗ ಮುರಿದಿದೆ, ಯಾವುದು ಎಂದು ಇನ್ನೂ ಯಾರಿಗೂ ಗೊತ್ತಿಲ್ಲ. ಅದನ್ನು ಹುಡುಕಲೆಂದೇ ಇಲ್ಲಿ ನನ್ನನ್ನು ಕರೆಸಿಕೊಂಡಿದ್ದಾರೆ. ಅಕ್ಟೋಬರಿನಲ್ಲಿ ಎಲ್ಲರ ಮುಂದೆ ಹೇಳಬೇಕು. ಅದು ಒಪ್ಪಿಗೆಯಾದರೆ ಮೂರು ವರ್ಷ ಇಲ್ಲೇ ನನ್ನ ಹೆಸರಿನ ಬೆಂಚು. ಆಗದಿದ್ದರೆ ವಾಪಸ್ ಬರಲು ಅಲ್ಲಿ ಜಾಗವಿಲ್ಲ, ನನ್ನ ಕುರ್ಚಿಯಲ್ಲಿ ಆಗಲೇ ಬೇರೆಯವರು ಕೂತಿದ್ದಾರೆ.

ಇಲ್ಲಿಯ ಮುಖ್ಯಸ್ಥೆ ಮಾತು ಕಮ್ಮಿ, ಕಣ್ಣು ಜಾಸ್ತಿ. ಚಹಾ ಕುಡಿಯುವಾಗಲೂ ನೋಟ್‌ಬುಕ್ ತರಿಸಿ ನೋಡುತ್ತಾರೆ. ನನ್ನ ತಳಿ ಇಲ್ಲಿಗೆ ಬಂದು ಇನ್ನೂ ಸರಿಯಾಗಿ ಹೊಂದಿಕೊಂಡಿಲ್ಲ. ನೀರು ಹೊಸದಲ್ಲವಾ.

ನನ್ನ ಕಪಾಟಿನ ಸೀಸೆಗಳನ್ನು ಬೇರೆ ಯಾರೂ ಮುಟ್ಟದ ಹಾಗೆ ನೋಡಿಕೋ.

ಅಕ್ಕ


ಜುಲೈ 3

ಅಕ್ಕಾ,

ಅರ್ಥವಾಯಿತು! ಎರಡು ಸಲ ಓದಿದೆ, ಮೂರನೇ ಸಲ ಹಬೆ ಮಾಮನಿಗೆ ಓದಿ ಹೇಳಿದೆ. "ಅಂದರೆ ಇಷ್ಟು ವರ್ಷ ನಾನು ಹಾಕಿದ ಊಟ ಅವು ಆರಿಸಿ ಆರಿಸಿ ತಿಂದವಾ?" ಎಂದು ಬೇಜಾರು ಮಾಡಿಕೊಂಡರು. ಎದುರು ಮನೆಯವರನ್ನು ಕರೆದು ನಾನೇ ವಿವರಿಸಿದೆ. ಕಾವಲು, ಕತ್ತರಿ, ಬಾಗಿಲು, ಎಲ್ಲ. ಅವರು ಕೊನೆಗೆ "ಪಾಪ, ಸಂಬಳ ಸರಿಯಾಗಿ ಕೊಡ್ತಾರಾ?" ಎಂದು ಕೇಳಿದರು.

ಅಕ್ಕಾ, ಒಂದು ಮಾತು. ಶಾಲೆಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಾನು ಹತ್ತನೇ ಕ್ಲಾಸಿನ ಮಧ್ಯೆ ಎದ್ದು ಬರುತ್ತಿರಲಿಲ್ಲವೇನೋ. ಇಲ್ಲ, ಬರುತ್ತಿದ್ದೆ. ನನಗೆ ಕೂರಲು ಆಗುವುದಿಲ್ಲ. ಹೆಡ್ಮಾಸ್ಟರಿಗೆ "ಪಾಠ ತಿಳಿಯುವುದಿಲ್ಲ, ತಿಳಿದದ್ದು ಬೇಜಾರು" ಎಂದು ಬರೆದುಕೊಟ್ಟು ಬಂದವಳು ನಾನು. ಜ್ವರ ಅಂತ ಬರೆ ಎಂದು ನೀನು ಗೋಗರೆದಿದ್ದೆ. ಆಮೇಲೆ ಫೋಟೋ ಸ್ಟುಡಿಯೋ, ಪ್ರೆಸ್ಸು, ಹೊಲಿಗೆ ಅಂಗಡಿ. ಎಲ್ಲ ಕಡೆಯೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೊರಗೆ ಬಂದೆ. ಇಲ್ಲಿ ನೀನು ಸೇರಿಸಿದ್ದಕ್ಕೆ ನಿಂತಿದ್ದೇನೆ. ಇದು ಹೊಗಳಿಕೆ ಅಲ್ಲ, ಲೆಕ್ಕ ತಪ್ಪದಿರಲಿ ಎಂದು ಹೇಳಿದೆ.

ಅಮ್ಮನಿಗೆ ಮಂಡಿ ನೋವು. ನಿನಗೆ ಹೇಳಬೇಡ ಅಂದಿದ್ದಾಳೆ. ಹೇಳಿದೆ.

ಬುಗುರಿ


ಜುಲೈ 16

ಬುಗುರಿ,

ಅವಸರದಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತೇಳು ಇಲ್ಲಿ ನಿಲ್ಲುತ್ತಿದೆ. ಐದು ಸಲ ನೋಡಿದೆ, ಐದು ಸಲವೂ ಸಾದಾ ತಳಿಯ ಹಾಗೇ ನಲವತ್ತು ನಿಮಿಷ ಚಪ್ಪಟೆ. ನನ್ನ ಕಪಾಟಿನಲ್ಲಿರುವ ಕಂದು ಗಾಜಿನ ಎರಡೂ ಸಕ್ಕರೆ ಸೀಸೆ, ಉಪ್ಪಿನ ಸೀಸೆಗಳು, ಹೇಗಿವೆಯೋ ಹಾಗೇ ಪ್ಯಾಕ್ ಮಾಡಿ ಕಳಿಸು. ತೆರೆಯಬೇಡ, ತುಂಬಬೇಡ.

ಮೇಷ್ಟ್ರಿಗೆ ಹೇಳಬೇಡ. ಯಾರಿಗೂ ಹೇಳಬೇಡ. ನಾನು ಹೇಳುವವರೆಗೆ.

ಅಕ್ಕ


ಜುಲೈ 25

ಅಕ್ಕಾ,

ನೇರವಾಗಿ ಹೇಳುತ್ತೇನೆ, ಸುತ್ತಿ ಬಳಸಿ ನನಗೆ ಬರುವುದಿಲ್ಲ. ನಿನ್ನ ಗ್ಲೂಕೋಸ್ ಸೀಸೆಯಲ್ಲಿ ಇರುವುದು ಗ್ಲೂಕೋಸ್ ಅಲ್ಲ. ಅದೂ ಹಾಲಿನ ಸಕ್ಕರೆಯೇ. ತುಂಬಿದವಳು ನಾನು.

ಇಪ್ಪತ್ತೆರಡನೇ ತಾರೀಕು ಮಧ್ಯಾಹ್ನ ಸೀಸೆಗಳನ್ನು ಹತ್ತಿಯಲ್ಲಿ ಸುತ್ತುತ್ತಿದ್ದೆ. ಗ್ಲೂಕೋಸ್ ಸೀಸೆಯ ಮುಚ್ಚಳ ಸಡಿಲವಿತ್ತು, ಬೆಂಚಿನ ಮೇಲೆ ಚಿಟಿಕೆ ಚೆಲ್ಲಿತು. ಹಬೆ ಮಾಮ ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡರು. ಅವರ ಅಭ್ಯಾಸ ನಿನಗೆ ಗೊತ್ತಲ್ಲ. ಮುಖ ಒಂದು ಥರ ಮಾಡಿ, ಇನ್ನೊಂದು ಸಲ ಇಟ್ಟುಕೊಂಡರು.

"ಇದು ಗ್ಲೂಕೋಸ್ ಅಲ್ಲ ಕಣಮ್ಮ. ಸಿಹಿ ಸಾಲದು."

"ಚೀಟಿ ನೋಡಿ ಮಾಮ, ಗ್ಲೂಕೋಸ್ ಅಂತ ಇದೆ."

"ಚೀಟಿ ತಿಂದವರು ಯಾರು? ನಾನು ತಿಂದಿದ್ದು ಪುಡಿ."

ಆಗ ನೆನಪಾಯಿತು. ಕಳೆದ ನವೆಂಬರಿನಲ್ಲಿ ದಾಸ್ತಾನು ತೂಕ ಮಾಡುವಾಗ ಉಗ್ರಾಣದ ಎರಡೂ ಸಕ್ಕರೆ ಡ್ರಮ್ಮಿನ ಮುಚ್ಚಳ ತೆಗೆದಿಟ್ಟಿದ್ದರು. ಹೆಸರು ಇರುವುದು ಮುಚ್ಚಳದ ಮೇಲೆ ಮಾತ್ರ. ವಾಪಸ್ ಹಾಕುವಾಗ ಅದಲುಬದಲು ಆಗಿದೆ. ಅದೇ ದಿನ ನಾನು ಹೋಗಿ ಮುಚ್ಚಳ ಓದಿ ನಿನ್ನ ಗ್ಲೂಕೋಸ್ ಸೀಸೆ ತುಂಬಿದೆ. ಮಾರನೇ ದಿನ ಮಾಮ ಬೇರೆಯವರ ಸೀಸೆ ತುಂಬುವಾಗ ನಾಲಿಗೆಗೆ ಮುಟ್ಟಿಸಿ ನೋಡಿ, ಮುಚ್ಚಳ ಸರಿ ಮಾಡಿ, ಯಾರಿಗೂ ಹೇಳದೆ ಸುಮ್ಮನಾದರಂತೆ, ಈಗ ಹೇಳಿದರು. ನಡುವೆ ಸಿಕ್ಕಿದ್ದು ನಿನ್ನ ಸೀಸೆ ಒಂದೇ, ಅದರಲ್ಲಿ ನೀನು ಮೊದಲು ಬೆಳೆಸಿದ್ದು ಇಪ್ಪತ್ತೇಳನ್ನು. ನಾನು ಯಾಕೆ ರುಚಿ ನೋಡಲಿಲ್ಲ? ಲ್ಯಾಬಿನಲ್ಲಿ ಏನನ್ನೂ ಬಾಯಿಗಿಡುವುದಿಲ್ಲ ಎಂದು ಕೆಲಸಕ್ಕೆ ಸೇರಿದ ದಿನ ನೀನೇ ನನ್ನಿಂದ ಸಹಿ ಹಾಕಿಸಿದ್ದೆ. ಸಹಿ ಹಾಕಿದ ಮೇಲೆ ಮೀರುವವಳಲ್ಲ ನಾನು.

ಅಂದರೆ ನಿನ್ನ ತಳಿ ಗ್ಲೂಕೋಸನ್ನು ನೋಡಿಯೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಹಾಲಿನ ಸಕ್ಕರೆಯನ್ನೇ ತಿಂದಿದೆ. ನಿಲ್ಲಲು ಕಾರಣವೇ ಇರಲಿಲ್ಲ. ನೀನು ಬರೆದದ್ದನ್ನು ಓದಿದ್ದರಿಂದಲೇ ಇದು ನನಗೆ ಹೊಳೆದದ್ದು.

ಅರ್ಧ ಗಂಟೆಯಲ್ಲಿ ಮೇಷ್ಟ್ರ ಹತ್ತಿರ ಹೋಗಿ ಹೇಳಿದೆ. ಅವರು ಸಕ್ಕರೆ ಕಾಯಿಲೆಯವರು ಮೂತ್ರ ನೋಡುವ ಪಟ್ಟಿ ತರಿಸಿ, ಪುಡಿ ಕದಡಿದ ನೀರಿನಲ್ಲಿ ಅದ್ದಿದರು. ಗ್ಲೂಕೋಸ್ ಇದ್ದರೆ ಬಣ್ಣ ತಿರುಗಬೇಕು. ಎರಡು ಪಟ್ಟಿ ಅದ್ದಿದರು. ಎರಡರ ಬಣ್ಣವೂ ತಿರುಗಲಿಲ್ಲ. ಅವತ್ತು ಸಂಜೆಯೇ ನಿನ್ನ ಮುಖ್ಯಸ್ಥೆಗೆ ಫೋನ್ ಮಾಡಿದ್ದಾರೆ.

ಯಾರಿಗೂ ಹೇಳಬೇಡ ಅಂದಿದ್ದೆ ನೀನು. ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ. ತಪ್ಪು ನನ್ನದು ಎಂದು ಮೇಷ್ಟ್ರಿಗೆ ನಾಲ್ಕು ಸಲ ಹೇಳಿದ್ದೇನೆ. ಅಕ್ಟೋಬರಿಗೆ ಮೊದಲೇ ಗೊತ್ತಾದದ್ದು ಒಳ್ಳೆಯದೇ ಅಲ್ಲವಾ? ಎಲ್ಲರ ಮುಂದೆ ಹೇಳಿ ಆಮೇಲೆ ಗೊತ್ತಾಗಿದ್ದರೆ?

ಬೈದು ಬರೆ. ಪೂರ್ತಿ ಓದುತ್ತೇನೆ.

ಬುಗುರಿ


ಆಗಸ್ಟ್ 14

ಅಕ್ಕಾ,

ಇಪ್ಪತ್ತು ದಿನ ಆಯಿತು, ಕಾಗದವಿಲ್ಲ. ನೀನಿರುವ ಲಾಡ್ಜಿಗೆ ಫೋನ್ ಮಾಡಿದೆ, ನೀನು ಮಾತಾಡುವುದಿಲ್ಲವಂತೆ ಎಂದು ಹೇಳಿ ಅಲ್ಲಿನವರು ಫೋನ್ ಇಟ್ಟರು. ನಿನಗೆ ಸಿಟ್ಟು ಬಂದಿದೆ, ಬರಲಿ. ಸಿಟ್ಟು ನನ್ನ ಕೈಯಿಂದಾದ ತಪ್ಪಿಗೆ ಆದರೆ ತಲೆ ಬಗ್ಗಿಸುತ್ತೇನೆ. ನಿಜ ಹೇಳಿದ್ದಕ್ಕೆ ಆದರೆ ಬಗ್ಗಿಸುವುದಿಲ್ಲ.

ಮೇಷ್ಟ್ರ ಅಪ್ಪಣೆ ಪಡೆದು ನಾನೇ ಒಂದು ಪರೀಕ್ಷೆ ಮಾಡಿದೆ. ಸಾದಾ ತಳಿಯನ್ನು ನಿನ್ನ ಸೀಸೆಯ ಪುಡಿಯಲ್ಲಿ ಬೆಳೆಸಿ ಹತ್ತು ನಿಮಿಷಕ್ಕೊಮ್ಮೆ ಅಳೆದೆ. ಆರು ಗಂಟೆ ಒಂದೇ ಕಡೆ ಕೂತಿದ್ದೆ. ಎದ್ದಿಲ್ಲ. ನೀನು ನೋಡಬೇಕಿತ್ತು. ಸಾದಾ ತಳಿಯೂ ನಿಲ್ಲಲಿಲ್ಲ, ಗೆರೆ ಒಂದೇ ಸಮ ಏರಿತು. ನಿನ್ನ ಇಪ್ಪತ್ತೇಳರ ಗ್ರಾಫಿನ ಮೇಲೆ ಇಟ್ಟರೆ ಒಂದರ ಮೇಲೊಂದು ಕೂರುತ್ತದೆ.

ಹಾಳೆ ಕೊಟ್ಟಾಗ ಮೇಷ್ಟ್ರು ಬಹಳ ಹೊತ್ತು ನೋಡಿ, "ಇದನ್ನ ಅವಳು ಒಂದು ಸಲ ಮಾಡಿ ನೋಡಿದ್ದರೆ ಸಾಕಿತ್ತು" ಅಂದರು. ನಂತರ ಎದ್ದು ಹೋಗಿ ಬೋರ್ಡಿನಿಂದ ನಿನ್ನ ಗ್ರಾಫನ್ನು ತೆಗೆದರು. ಪಿನ್ನು ಒಂದೊಂದೇ ಬಿಡಿಸಿ, ಮಡಚದೆ, ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡರು. ಅದನ್ನು ನೋಡುವಾಗ ನನಗೆ ಚೆನ್ನಾಗಿ ಅನಿಸಲಿಲ್ಲ. ನಾನು ಸರಿ ಎಂದು ಗೊತ್ತಿದ್ದೂ ಚೆನ್ನಾಗಿ ಅನಿಸಲಿಲ್ಲ.

ಅಲ್ಲಿ ಏನಾಯಿತು? ಅದನ್ನಾದರೂ ಬರೆ.

ಬುಗುರಿ


ಸೆಪ್ಟೆಂಬರ್ 9

ಅಕ್ಕಾ,

ಅಮ್ಮ ದಿನಾ ಅಂಚೆ ಪೆಟ್ಟಿಗೆ ನೋಡಿ ಬರುತ್ತಾಳೆ. ನೋವಿನ ಮಂಡಿಯಲ್ಲಿ ಮೂರು ಮಹಡಿ ಇಳಿದು. ನಾನು ನೋಡುತ್ತೇನೆ ಅಂದರೆ "ನೀನು ಓಡುವಾಗ ಬೀಳಿಸಿಬಿಡ್ತೀಯ" ಅನ್ನುತ್ತಾಳೆ. ನಿನ್ನೆ ಮೇಷ್ಟ್ರು ಹೇಳಿದರು, ನೀನು ಆ ಲ್ಯಾಬು ಬಿಟ್ಟೆಯಂತೆ. ಬಿಟ್ಟೆಯಾ, ಬಿಡಿಸಿದರಾ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

ನಾನು ಏನು ಮಾಡಿದೆ ಅಂತ ನನಗೆ ತಿಳಿಯುತ್ತಿಲ್ಲ. ನೀನೇ ಹೇಳು.


ಸೆಪ್ಟೆಂಬರ್ 27

ತಂಗಿಗೆ,

ಮೂರು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಏನಾಯಿತು ಎಂದು ಕೇಳಿದ್ದೀಯ. ನಿನ್ನ ಕಾಗದ ನನಗೆ ತಲುಪಿದ್ದು ಆಗಸ್ಟ್ ಎರಡಕ್ಕೆ. ಜುಲೈ ಇಪ್ಪತ್ಮೂರರ ಬೆಳಿಗ್ಗೆ ಚಹಾ ಕುಡಿಯುವ ಕೋಣೆಯಲ್ಲಿ, ಇನ್ನೂ ನಾಲ್ಕು ಜನ ಇದ್ದರು, ಮುಖ್ಯಸ್ಥೆ ಬಂದು ನನ್ನ ಎದುರು ಕೂತರು.

"ನಿಮ್ಮ ಮೇಷ್ಟ್ರು ನಿನ್ನೆ ಫೋನ್ ಮಾಡಿದ್ದರು. ಸಕ್ಕರೆ ವಿಷಯ. ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ಎಷ್ಟು ದಿನದಿಂದ?"

"ಒಂದು ತಿಂಗಳಿಂದ."

"ತಿಂಗಳು ಸುಮ್ಮನಿದ್ದಿರಾ?"

"ಅಲ್ಲಿಯ ಸೀಸೆ ಬರಲಿ, ನನ್ನ ಕೈಯಲ್ಲೇ ನೋಡಿ ಹೇಳೋಣ ಅಂತಿದ್ದೆ."

ಅವರು ಜೋರು ಮಾಡಲಿಲ್ಲ. "ತಪ್ಪು ಎಲ್ಲರೂ ಮಾಡ್ತಾರೆ. ನಿಮ್ಮ ತಪ್ಪನ್ನ ನಾನು ಬೇರೆಯವರ ಬಾಯಲ್ಲಿ ಕೇಳಬೇಕಾಯಿತು" ಅಂದರು. ನೋಟ್‌ಬುಕ್ ತರಿಸಿದರು. ಅಲ್ಲಿಂದ ನಾನು ತಂದಿದ್ದ ಆ ಪುಸ್ತಕದ ಹಾಳೆಗಳಿಗೆ ನಂಬರು ಅಚ್ಚಾಗಿರುತ್ತದೆ. ಎಪ್ಪತ್ತೊಂದರ ನಂತರ ಎಪ್ಪತ್ಮೂರು ಇತ್ತು.

ಆ ಹಾಳೆಯ ವಿಷಯ ನಿನಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಮೇಷ್ಟ್ರು "ಒಂದು ಸಲ ಮಾಡಿ ನೋಡಿದ್ದರೆ" ಅಂದರಂತೆ. ಮಾಡಿದ್ದೆ. ಫೆಬ್ರವರಿಯಲ್ಲಿ ಸಾದಾ ತಳಿಯನ್ನು ಅದೇ ಸೀಸೆಯ ಸಕ್ಕರೆಯಲ್ಲಿ ಬೆಳೆಸಿದ್ದೆ. ಅದೂ ನಿಲ್ಲಲಿಲ್ಲ. ಎರಡು ತಳಿ ಬೆರೆತುಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಆ ಪುಟವನ್ನು ಬ್ಲೇಡಿನಲ್ಲಿ ಕತ್ತರಿಸಿದೆ. ಮತ್ತೊಮ್ಮೆ ಮಾಡಲಿಲ್ಲ. ಮಾಡಿದರೆ ಏನು ಬರುತ್ತದೋ ಎಂಬ ಹೆದರಿಕೆ. ಬೋರ್ಡಿನಲ್ಲಿ ಆಗಲೇ ಗ್ರಾಫ್ ಇತ್ತು. ಅಮ್ಮ ಆಗಲೇ ಬೀದಿಗೆಲ್ಲ ಹೇಳಿದ್ದಳು. ಆದರೂ ಆ ಹಾಳೆಯನ್ನು ಬಿಸಾಡಲಿಲ್ಲ. ಇಲ್ಲಿಗೆ ಬರುವಾಗ ಚೀಲದಲ್ಲಿ ಇಟ್ಟುಕೊಂಡೇ ಬಂದೆ. ಇಲ್ಲಿ ತಳಿ ನಿಂತಾಗ ಅರ್ಥವಾಯಿತು. ಸೀಸೆ ತರಿಸಿ, ನೋಡಿ, ಹಾಳೆಯನ್ನೂ ಸೀಸೆಯನ್ನೂ ಅವರ ಮೇಜಿನ ಮೇಲೆ ಇಟ್ಟು ನಾನೇ ಹೇಳಬೇಕು ಎಂದಿದ್ದೆ. ಅದಕ್ಕೇ ಯಾರಿಗೂ ಹೇಳಬೇಡ ಅಂದದ್ದು. ನಾನು ಹೇಳುವವರೆಗೆ ಅಂದಿದ್ದೆ. ಆ ಸಾಲನ್ನು ನೀನು ಓದಲಿಲ್ಲವಾ?

ಅವರು ಕೇಳಿದ ಮೇಲೆ ಚೀಲದಿಂದ ಹಾಳೆ ತೆಗೆದುಕೊಟ್ಟೆ. ಕೇಳುವ ಮುಂಚೆ ಕೊಟ್ಟಿದ್ದರೆ ಅದು ಬೇರೆಯೇ ಹಾಳೆ. ಇನ್ನೊಬ್ಬ ವಿದ್ಯಾರ್ಥಿ ಹೋದ ವರ್ಷ ತನ್ನ ತಪ್ಪನ್ನು ತಾನೇ ಹೋಗಿ ಹೇಳಿದ್ದನಂತೆ, ಅವನು ಈಗಲೂ ಅಲ್ಲೇ ಇದ್ದಾನೆ.

ಸೀಸೆ ತುಂಬಿದ್ದಕ್ಕೆ ನನಗೆ ಸಿಟ್ಟಿಲ್ಲ. ಮುಚ್ಚಳ ಅದಲುಬದಲು ಆದರೆ ಯಾರು ಏನು ಮಾಡಬೇಕು? ಆದರೆ ಅರ್ಧ ಗಂಟೆಯಲ್ಲಿ ಮೇಷ್ಟ್ರ ಹತ್ತಿರ ಓಡಿದೆಯಲ್ಲ, ಯಾಕೆ? ಮೊದಲು ನನಗೆ ಒಂದು ಫೋನ್ ಮಾಡಬಹುದಿತ್ತು. ಎರಡು ನಿಮಿಷ ಸಾಕಿತ್ತು. ನಾನು ಮುಚ್ಚಿಡು ಅನ್ನುತ್ತೇನೆ ಅಂದುಕೊಂಡೆಯಾ? ಅನ್ನುತ್ತಿದ್ದೆನೋ ಇಲ್ಲವೋ ನನಗೂ ಗೊತ್ತಿಲ್ಲ. ಗೊತ್ತಾಗುವ ಅವಕಾಶವನ್ನೇ ನೀನು ಕೊಡಲಿಲ್ಲ.

ಈಗ ಇದೇ ಊರಿನ ನೀರಿನ ಇಲಾಖೆಯಲ್ಲಿ ಇದ್ದೇನೆ. ನಲ್ಲಿ ನೀರಿಗೆ ಹಾಲಿನ ಸಕ್ಕರೆಯ ಸಾರು ಹಾಕಿ ಇಡುವುದು, ಮಾರನೇ ದಿನ ಗುಳ್ಳೆ ಎದ್ದಿದೆಯಾ ನೋಡುವುದು. ಎದ್ದರೆ ಯಾವುದೋ ಬ್ಯಾಕ್ಟೀರಿಯಾ ಅದನ್ನು ತಿಂದಿದೆ, ನೀರು ಸಂಶಯದ್ದು. ದಿನಕ್ಕೆ ಎಂಬತ್ತು ಗಾಜಿನ ನಳಿಗೆ. ಯೋಚಿಸುವುದು ಏನೂ ಇಲ್ಲ.

ಅಮ್ಮನಿಗೆ ಹೇಳಬೇಡ. ಈ ಸಲವಾದರೂ.

ಅಕ್ಕ


ಅಕ್ಟೋಬರ್ 16

ಅಕ್ಕಾ,

ಯಾಕೆ ಎಂದು ಕೇಳಿದ್ದೀಯ. ಹತ್ತು ದಿನ ಯೋಚಿಸಿದೆ. ಉತ್ತರ ಮೊದಲ ದಿನವೇ ಗೊತ್ತಿತ್ತು, ಬರೆಯಲು ಹತ್ತು ದಿನ ಬೇಕಾಯಿತು.

ಆ ಸಾಲನ್ನು ಓದಿದ್ದೆ. "ನಾನು ಹೇಳುವವರೆಗೆ." ಅದು ಮುಚ್ಚಿಡುವ ಮಾತು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಹಾಗೆ ತೀರ್ಮಾನ ಮಾಡಿಕೊಳ್ಳುವುದು ನನಗೆ ಬೇಕಾಗಿತ್ತು.

ಹಬೆ ಮಾಮ "ಗ್ಲೂಕೋಸ್ ಅಲ್ಲ" ಅಂದಾಗ ಮೊದಲು ಹೆದರಿದೆ, ಅದು ನಿಜ. ಅದಾದ ಮೇಲೆ, ಮೆಟ್ಟಿಲು ಹತ್ತುವಾಗ, ನನಗೆ ಒಂದು ಖುಷಿ ಆಯಿತು ಅಕ್ಕಾ. ಇಷ್ಟು ದಿನ ಇದನ್ನು ಯಾರಿಗೂ ಹೇಳಿಲ್ಲ. ನಿನ್ನ ಗ್ರಾಫ್ ತಪ್ಪು ಎಂದು ಇಡೀ ಕಟ್ಟಡದಲ್ಲಿ ಗೊತ್ತಿರುವವಳು ನಾನೊಬ್ಬಳೇ. ಓದಿದವರು ಯಾರಿಗೂ ಹೊಳೆಯಲಿಲ್ಲ, ನನಗೆ ಹೊಳೆಯಿತು. ಮನೆಯಲ್ಲಿ ಹುಟ್ಟಿದಾಗಿನಿಂದ ನೀನು ಸರಿ, ನಾನು ಸೊಟ್ಟ. ಬೋರ್ಡಿನಲ್ಲಿ ನೀನು, ಒದ್ದೆ ನೆಲದ ಮೇಲೆ ನಾನು. ಮೇಷ್ಟ್ರ ಬಾಗಿಲು ತಟ್ಟದೆಯೇ ಒಳಗೆ ನುಗ್ಗಿದೆ. ಹೆದರಿ ಓಡಿಬಂದೆ ಎಂದು ಮೇಷ್ಟ್ರು ಅಂದುಕೊಂಡು ಕೂರಿಸಿ ನೀರು ಕೊಟ್ಟರು. "ತಪ್ಪು ನನ್ನದು" ಎಂದು ನಾಲ್ಕು ಸಲ ಹೇಳಿದೆ ಅಂತ ನಿನಗೆ ಬರೆದೆನಲ್ಲ, ಪ್ರತಿ ಸಲವೂ ಅವರ ಮುಖ ನೋಡುತ್ತಿದ್ದೆ. ನಾಲ್ಕನೇ ಸಲಕ್ಕೆ ಅವರು "ನಿನ್ನಂಥ ಪ್ರಾಮಾಣಿಕ ಹುಡುಗಿ ಈ ಕಟ್ಟಡದಲ್ಲಿ ಇನ್ನೊಬ್ಬಳಿಲ್ಲ" ಅಂದರು. ಅದಕ್ಕಾಗಿಯೇ ಹೋಗಿದ್ದೆನೋ ಏನೋ.

ಹೊಟ್ಟೆಕಿಚ್ಚಿನಿಂದಲೇ ಮಾಡಿದೆ ಎಂದರೂ ಸುಳ್ಳಾಗುತ್ತದೆ. ಹೇಳಬೇಕಾದದ್ದನ್ನೇ ಹೇಳಿದೆ. ಆದರೆ ಯಾರಿಗೆ ಮೊದಲು ಹೇಳಬೇಕು ಎಂದು ಆರಿಸಿದ್ದು ನನ್ನೊಳಗಿನ ನಿಜವಲ್ಲ, ಆ ಖುಷಿ.

ನಿನ್ನೆ ಮೇಷ್ಟ್ರ ಹತ್ತಿರ ಇದನ್ನೂ ಹೇಳಿದೆ. ನಿನ್ನ ಮುಖ್ಯಸ್ಥೆಗೆ ಬರೆಯಿರಿ, ಅಕ್ಕ ತಾನೇ ಹೇಳುವವಳಿದ್ದಳು, ಚೀಲದಲ್ಲಿ ಹಾಳೆ ಇಟ್ಟುಕೊಂಡೇ ಹೋಗಿದ್ದಳು, ನಡುವೆ ಕಾಲು ಹಾಕಿದವಳು ತಂಗಿ ಎಂದು ಬರೆಯಿರಿ ಅಂದೆ. ಅವರು ಬರೆದರು. ನಾನೇ ಅಂಚೆಗೆ ಹಾಕಿದೆ.

ಅಮ್ಮನಿಗೆ ಹೇಳಿಲ್ಲ.

ತಂಗಿ


ನವೆಂಬರ್ 19

ಬುಗುರಿ,

ಮುಖ್ಯಸ್ಥೆಯ ಉತ್ತರದ ನಕಲು ನನಗೂ ಬಂತು. ಎರಡೇ ಸಾಲು. ವಿಷಯ ತಿಳಿಸಿದ್ದಕ್ಕೆ ಕೃತಜ್ಞತೆ, ಆ ಜಾಗಕ್ಕೆ ಈಗಾಗಲೇ ಬೇರೊಬ್ಬರನ್ನು ತೆಗೆದುಕೊಳ್ಳಲಾಗಿದೆ. ಮರ್ಯಾದೆಯ ಕಾಗದ. ಅದನ್ನು ಓದುವಾಗ ನಾನು ಇನ್ನೂ ಸ್ವಲ್ಪ ಆಸೆ ಇಟ್ಟುಕೊಂಡಿದ್ದೆ ಎಂದು ಗೊತ್ತಾಯಿತು.

ನಿನ್ನ ಕಾಗದವನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೊರಗೆ ನಡೆದು ಬಂದೆ. ಮತ್ತೆ ಓದಿದೆ. ಖುಷಿ ಆಯಿತು ಎಂದು ಬರೆದಿದ್ದೀಯಲ್ಲ, ಅದು ನನಗೆ ಹೊಸ ಸುದ್ದಿಯಲ್ಲ. ನೀನು ಹೆಡ್ಮಾಸ್ಟರಿಗೆ ಆ ಕಾಗದ ಕೊಟ್ಟು ಶಾಲೆ ಬಿಟ್ಟ ದಿನ ನನಗೂ ಒಳಗೊಳಗೇ ಹಾಗೇ ಆಗಿತ್ತು. ಇನ್ನು ಮನೆಯಲ್ಲಿ ಓದಿದವಳು ನಾನೊಬ್ಬಳೇ ಎಂದು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಕ್ಷಮಿಸಿದೆ ಎಂದು ಬರೆಯಲು ಹೊರಟೆ, ಆಗಲಿಲ್ಲ. ಸುಳ್ಳು ಬರೆದರೆ ನಿನಗೆ ಗೊತ್ತಾಗುತ್ತದೆ. ಇನ್ನೂ ಬೆಳಿಗ್ಗೆ ಎದ್ದ ಕೂಡಲೇ ಆ ಬೆಂಚು ನೆನಪಾಗುತ್ತದೆ.

ಅಮ್ಮನಿಗೆ ನಾನೇ ಹೇಳಬೇಕು. ಕಾಗದ ಶುರು ಮಾಡಿದ್ದೇನೆ, "ಅಮ್ಮಾ" ಎಂಬಲ್ಲಿಗೆ ನಿಂತಿದೆ. ಸ್ವಲ್ಪ ದಿನ ನೀನೂ ಬರೆಯಬೇಡ.

ಅಕ್ಕ


ಡಿಸೆಂಬರ್ 2

ಅಕ್ಕಾ,

ಬರೆಯಬೇಡ ಅಂದಿದ್ದೆ. ಇದೊಂದು ತಿಳಿಸಿ ನಿಲ್ಲಿಸುತ್ತೇನೆ, ನಿನಗೆ ಇದು ಗೊತ್ತಿರಬೇಕು.

ನಿನ್ನೆ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ನಾನು ದಿಂಬಿನ ಚೀಲ ಹಾಕುತ್ತಿದ್ದೆ. ತಲೆ ಎತ್ತದೆಯೇ ಕೇಳಿದಳು.

"ಅಕ್ಟೋಬರಿನಲ್ಲಿ ದೊಡ್ಡವಳದ್ದು ಏನೋ ಸಭೆ ಅಂದಿದ್ದಳು. ಏನಾಯ್ತು?"

ನನ್ನ ಬಾಯಿ ನಿನಗೆ ಗೊತ್ತು. ಪ್ರಶ್ನೆ ಬಿದ್ದರೆ ಉತ್ತರ ತಾನಾಗಿ ಬರುತ್ತದೆ. ಬಂದೇಬಿಟ್ಟಿತ್ತು, ಹಲ್ಲಿನ ಹಿಂದೆ ಇತ್ತು. ಚೆನ್ನಾಗಿ ಆಯಿತು ಎಂದು ಸುಳ್ಳು ಹೇಳಲೂ ನನಗೆ ಬರಲಿಲ್ಲ.

"ಅದನ್ನ ಅಕ್ಕನೇ ಹೇಳಬೇಕು ಅಮ್ಮ. ನಾನು ಹೇಳಲ್ಲ" ಅಂದೆ.

"ಅಂದರೆ ಏನೋ ಇದೆ."

"ಅದನ್ನೂ ನಾನು ಹೇಳಲ್ಲ."

ಅಮ್ಮ ಕೈಯಲ್ಲಿದ್ದ ಸೀರೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಮಡಚಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಸೀರೆ ಪಕ್ಕಕ್ಕಿಟ್ಟು ನನ್ನ ಮುಖವನ್ನೇ ನೋಡಿದಳು.

"ನಿನ್ನ ಹೊಟ್ಟೆಯಲ್ಲಿ ಒಂದು ಮಾತು ನಿಂತಿದ್ದು ಇದೇ ಮೊದಲು" ಅಂದಳು.

ನಿಂತಿತು ಅಕ್ಕಾ. ನಾಲ್ಕು ತಿಂಗಳು ತಡವಾಗಿ.

ತಂಗಿ